ಆಚೆ ಬದಿಯ ನಟ್ಟು

ಹಳೆಯ ಟ್ರ್ಯಾಕ್ಟರುಗಳನ್ನು ಮಾಡಿದ ಪುಣ್ಯಾತ್ಮರು ಮನುಷ್ಯರ ಕೈಯನ್ನು ಒಮ್ಮೆಯೂ ಸರಿಯಾಗಿ ನೋಡಿರಲಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ನೋಡಿದ್ದರೆ, ಮೊಣಕೈಯಾಚೆ ಇನ್ನೊಂದು ಮೊಣಕೈ ಇದ್ದವರಿಗಷ್ಟೇ ಎಟಕುವ ಜಾಗದಲ್ಲಿ ನಟ್ಟು ಕೂರಿಸುತ್ತಿದ್ದರೇ? ನನ್ನ ಟ್ರ್ಯಾಕ್ಟರನ್ನು ಚಾಲೂ ಮಾಡುವ ಸೆಲ್ಫ್ ಮೋಟಾರಿನ ಮೇಲಿನ ಬೋಲ್ಟು ಅಂಥದ್ದು. ಕಣ್ಣು ಹೋದಲ್ಲಿ ಕೈ ಹೋಗದು, ಕೈ ಹೋದಲ್ಲಿ ಕಣ್ಣು ಹೋಗದು. ಸಾಲದ್ದಕ್ಕೆ ಬೋಲ್ಟಿನ ತಲೆ ಈಚೆ, ನಟ್ಟು ಆಚೆ. ಈಚೆಯಿಂದ ತಿರುಗಿಸಿದರೆ ಆಚೆಯ ನಟ್ಟೂ ಜೊತೆಗೇ ತಿರುಗುತ್ತದೆ. ಸಂಜೆವರೆಗೆ ತಿರುಗಿಸಿದರೂ ಬಿಚ್ಚುವುದಿಲ್ಲ. ಆಚೆ ಬದಿ ಪಾನಾ ಹಿಡಿಯಲು ಇನ್ನೊಬ್ಬರು ಬೇಕು.

ನಮ್ಮ ಮನೆಯಲ್ಲಿ ಇನ್ನೊಬ್ಬರು ಎಂಬುವರಿಲ್ಲ. ಹೆಣ್ಣು ನೋಡಿ ನೋಡಿ ಸುಸ್ತಾಗಿ, ಬನವಾಸಿ ಕಡೆಯಿಂದ ಈ ಟ್ರ್ಯಾಕ್ಟರ್ ತಂದವನು ನಾನು. ಇದಕ್ಕಾದರೂ ಜಾತಕ ಕೇಳಬೇಕಿತ್ತು, ಕೇಳಲಿಲ್ಲ, ಅನುಭವಿಸುತ್ತಿದ್ದೇನೆ. ಹಾಗಾಗಿ ಆಚೆ ಬದಿಯ ಪಾನಾ ಯಾವತ್ತೂ ಪಕ್ಕದ ಗದ್ದೆಯ ಬಸವಣ್ಣೆಪ್ಪನದು. ಹೆಂಡತಿ ತೀರಿಕೊಂಡ ಮೇಲೆ ಅವನೂ ಒಬ್ಬನೇ. ನಮ್ಮಲ್ಲಿ ಮುಯ್ಯಾಳು ಪದ್ಧತಿಯಿದೆ: ನನ್ನ ಕೆಲಸಕ್ಕೆ ನೀನು ಬಾ, ನಿನ್ನ ಕೆಲಸಕ್ಕೆ ನಾನು ಬರುತ್ತೇನೆ. ಮಾತು ಬಿಟ್ಟವರೂ ಮುಯ್ಯಿಗೆ ಕರೆದರೆ ಬರಲೇಬೇಕು. ಆದರೆ ಕೆಲಸವಿಲ್ಲದೆ ಕರೆಯುವಂತಿಲ್ಲ. ಟ್ರ್ಯಾಕ್ಟರಿನ ಆಚೆ ಈಚೆ ಅಂಗಾತ ಮಲಗಿ, ಮುಖ ಕಾಣದ ಧೈರ್ಯದಲ್ಲಿ ನಾವಿಬ್ಬರೂ ಆಡದ ಮಾತಿಲ್ಲ. ಎದುರೆದುರು ಕೂತರೆ ಮಾತ್ರ "ಮಳಿ ಬರಬೋದು" ಎಂಬುದರಾಚೆ ಏನೂ ಹೊಳೆಯದು.

ಕಳೆದ ಸಲ ಪಾನಾ ಜಾರಿ ಅವನ ಬೆರಳ ಗೆಣ್ಣಿನ ಚರ್ಮ ಕಿತ್ತಿತು. "ಈ ಹೆಣಾನ ಗುಜರಿಗೆ ಹಾಕಲೇ!" ಅಂದ. ನನ್ನನ್ನು ಏನಂದಿದ್ದರೂ ನುಂಗಿಕೊಳ್ಳುತ್ತಿದ್ದೆ, ಟ್ರ್ಯಾಕ್ಟರಿಗೆ ಅಂದನಲ್ಲ! "ಮೊದ್ಲು ನಿನ್ನ ಕೈ ಗುಜರಿಗೆ ಹಾಕು" ಅಂದೆ. ಎದ್ದು ಹೋದವನು ಮತ್ತೆ ಈ ಕಡೆ ತಲೆ ಹಾಕಲಿಲ್ಲ.

ಈಗ ಸೆಲ್ಫ್ ಮತ್ತೆ ಕೈಕೊಟ್ಟಿತು. ಯಾರ ಹಂಗೂ ಬೇಡವೆಂದು ಶಿರಸಿ ಪೇಟೆಯಿಂದ ಸೊಟ್ಟ ಪಾನಾ ತಂದೆ. ಅದನ್ನು ಆಚೆಯ ನಟ್ಟಿಗೆ ಸಿಕ್ಕಿಸಿ, ತಿರುಗದಂತೆ ಬಿದಿರಿನ ಗೂಟ ಕೊಟ್ಟು, ಈಚೆ ಬಂದು ತಿರುಗಿಸಿದೆ. ಗೂಟ ಬಿತ್ತು. ಮತ್ತೆ ಆಚೆ, ಮತ್ತೆ ಈಚೆ. ಇಷ್ಟು ಪ್ರದಕ್ಷಿಣೆ ದೇವರಿಗೆ ಹಾಕಿದ್ದರೆ ಮದುವೆಯಾದರೂ ಆಗುತ್ತಿತ್ತು. ಅಂತೂ ಬೋಲ್ಟು ಟಕ್ಕೆಂದು ಸಡಿಲಾಗಿ ಕೈಗೆ ಬಂತು. "ಬಂತೋ!" ಎಂದು ಕೂಗಿದೆ. ಆಚೆಯಿಂದ ಯಾರೂ ಓ ಎನ್ನಲಿಲ್ಲ.

ಬೋಲ್ಟನ್ನು ಹಿಡಿದುಕೊಂಡು ಅಲ್ಲೇ ಮಲಗಿದ್ದೆ. ಇಷ್ಟು ದೊಡ್ಡ ಗೆಲುವನ್ನು ಹೇಳಿಕೊಳ್ಳಲು ಒಂದು ಜೀವವಿಲ್ಲವಲ್ಲ ಎಂದು ಅಳುವೇ ಬಂತು, ಸುಳ್ಳೇಕೆ ಹೇಳಲಿ. ಅದಕ್ಕಿಂತ ದೊಡ್ಡ ಭಯ ಇನ್ನೊಂದು: ಒಬ್ಬನೇ ಬಿಚ್ಚುವುದನ್ನು ಕಲಿತುಬಿಟ್ಟೆನಲ್ಲ, ಇನ್ನು ಬಸವಣ್ಣೆಪ್ಪನನ್ನು ಯಾವ ನೆಪ ಹೇಳಿ ಕರೆಯುವುದು?

ಬೋಲ್ಟನ್ನು ಮತ್ತೆ ಅದರ ತೂತಿಗೇ ಹಾಕಿ, ನಟ್ಟನ್ನು ಬೆರಳಲ್ಲೇ ತಿರುಗಿಸಿ ಕೂರಿಸಿ, ಬಿಚ್ಚಿದ ಗುರುತು ಕಾಣದಂತೆ ಮೇಲೊಂದಿಷ್ಟು ಮಣ್ಣು ಬಳಿದೆ. ಅವನ ಅಂಗಳಕ್ಕೆ ಹೋಗಿ, "ಮುಯ್ಯಾಳು ಬೇಕಾಗಿತ್ತು" ಅಂದೆ.

"ಅದ ಬೋಲ್ಟೇನು?"

"ಹೂಂ, ಅದ."

"ನಡಿ" ಎಂದು ಎದ್ದುಬಿಟ್ಟ.

ಅವನು ಆಚೆ ಮಲಗಿದ, ನಾನು ಈಚೆ. ಅವನು ಪಾನಾ ಹಚ್ಚುವ ಸದ್ದಾಯಿತು. ಕೂಡಲೇ ನಾನು ಈಚೆ ಹಿಡಿದಿದ್ದ ಬೋಲ್ಟು ಸಡಿಲಾಗಿ ಅಲ್ಲಾಡಿತು. ಕೆಟ್ಟೆ, ಗೊತ್ತಾಯಿತು ಅಂದುಕೊಂಡೆ. ಆಚೆ ಅವನ ಪಾನಾ ನಟ್ಟಿನಿಂದ ಕಳಚಿ ಮತ್ತೆ ಕೂತ ಸದ್ದಾಯಿತು. ಆಮೇಲೆ ಬೋಲ್ಟು ನಿಧಾನವಾಗಿ, ಸುತ್ತು ಸುತ್ತಾಗಿ, ಆಚೆ ಕಡೆಯಿಂದಲೇ ಮತ್ತೆ ಬಿಗಿಯಾಯಿತು.

"ಭಾಳ ಬಿಗಿ ಕುಂತೈತಿ ಮಾರಾಯ" ಎಂದ ಬಸವಣ್ಣೆಪ್ಪ. "ಇದು ಇವತ್ತಿಗೆ ಬಿಚ್ಚೂದಲ್ಲ. ನಾಳೆನೂ ಬರಬೇಕಾಗ್ತೈತಿ."

ಹುಟ್ಟಿದಾಗಿನಿಂದ ಯಾರ ಮಾತನ್ನೂ ಒಂದೇ ಏಟಿಗೆ ಒಪ್ಪಿದವನಲ್ಲ ನಾನು. "ಹೌದೌದು, ಕಬ್ಬಿಣದ ಕಡಲೆ" ಅಂದುಬಿಟ್ಟೆ.