ಅಪ್ಪ–ದೊಡ್ಡಪ್ಪರ ನಡುವೆ ಒಂದು ಸಮೂಹ ಮಾಧ್ಯಮ

ಓದುವುದೇನೂ ಅಂಥ ಕಷ್ಟವಲ್ಲ. ಏನು ಓದುತ್ತಿದ್ದೇವೆಂದು ನೆಂಟರಿಗೆ ವಿವರಿಸುವುದಿದೆಯಲ್ಲ, ಅದು ಕಷ್ಟ. ಇಳಕಲ್ಲಿನ ನಮ್ಮ ಓಣಿಯ ಹುಡುಗಿಯೊಬ್ಬಳು ನರ್ಸಿಂಗ್ ಓದಬಹುದು, ಬಿ.ಎಡ್. ಮಾಡಬಹುದು, ಪೊಲೀಸ್ ಪರೀಕ್ಷೆಗೆ ಕಟ್ಟಬಹುದು. ಇವೆಲ್ಲ ಜನರಿಗೆ ಅರ್ಥವಾಗುವ ಓದುಗಳು. ನಾನು ಮಾತ್ರ ಸಂವಹನ, ಮಾಧ್ಯಮ ಮತ್ತು ಇಂಗ್ಲಿಷ್ ಎಂಬ ಮೂರು ತಲೆಯ ಪದವಿಗೆ ಸೇರಿಕೊಂಡು ದಿನಾ ಬೆಳಿಗ್ಗೆ ಬಾಗಲಕೋಟೆಯ ಬಸ್ಸು ಹತ್ತುತ್ತಿದ್ದೆ. "ಸಂವಹನ ಅಂದ್ರ ಏನವಾ ಗಿರಿಜಾ?" ಎಂದು ದೊಡ್ಡವ್ವ ಒಂದು ದಿನ ಕೇಳಿದಳು. "ಒಬ್ಬರ ಮಾತು ಇನ್ನೊಬ್ಬರಿಗೆ ಮುಟ್ಟಸೋದು" ಎಂದೆ. "ಅಯ್ಯ, ಅದಕ್ಕ ಕಾಲೇಜ ಯಾಕ ಬೇಕು? ನಮ್ಮ ಓಣ್ಯಾಗ ಪಾರವ್ವ ಪುಕ್ಕಟೆ ಮಾಡ್ತಾಳಲ್ಲ!" ಎಂದಳು. ನಮ್ಮ ಇಡೀ ವಿಭಾಗದ ಬಗ್ಗೆ ಇದಕ್ಕಿಂತ ನಿಖರವಾದ ವಿಮರ್ಶೆಯನ್ನು ನಾನು ಇವತ್ತಿಗೂ ಕೇಳಿಲ್ಲ.

ವಿಭಾಗದ ವೈಭವವನ್ನು ಸ್ವಲ್ಪ ಹೇಳದಿದ್ದರೆ ಅನ್ಯಾಯವಾದೀತು. ನಮ್ಮಲ್ಲಿ ಒಂದು ಕ್ಯಾಮೆರಾ ಇತ್ತು. ಅದು ಕಪಾಟಿನಲ್ಲಿತ್ತು. ಕಪಾಟಿನ ಕೀಲಿ ಪ್ರಾಂಶುಪಾಲರಲ್ಲಿತ್ತು. ಪ್ರಾಂಶುಪಾಲರು ಸದಾ ಮೀಟಿಂಗಿನಲ್ಲಿದ್ದರು. ಹೀಗಾಗಿ ಮಾಧ್ಯಮದ ಮೇಷ್ಟ್ರು ಕರಿಹಲಗೆಯ ಮೇಲೆ ಕ್ಯಾಮೆರಾದ ಚಿತ್ರ ಬರೆದು, "ಇಲ್ಲಿ ಒತ್ತಿದರೆ ಫೋಟೋ ಬರುತ್ತದೆ" ಎಂದು ಬಾಣದ ಗುರುತು ಹಾಕಿ ತೋರಿಸುತ್ತಿದ್ದರು. ಇಂಗ್ಲಿಷ್ ಮೇಡಂ ಪಾಠವನ್ನು ಕನ್ನಡದಲ್ಲಿ ಮಾಡಿ, ಬೈಯುವುದನ್ನು ಮಾತ್ರ ಇಂಗ್ಲಿಷಿನಲ್ಲಿಟ್ಟುಕೊಂಡಿದ್ದರು. ಆ ಭಾಷೆಯಲ್ಲಿ ನಮಗೆ ಗಟ್ಟಿಯಾಗಿ ಬರುವುದೂ ಅಷ್ಟೇ. ಮಾತಾಡುವ ಅಭ್ಯಾಸವಾಗಲೆಂದು ಅವರು ನಮ್ಮನ್ನೊಮ್ಮೆ ಬಾದಾಮಿಯ ಗುಹೆಗಳಿಗೆ ಕರೆದೊಯ್ದು ವಿದೇಶಿಯರ ಮೇಲೆ ಬಿಟ್ಟರು. ನನ್ನ ಪಾಲಿಗೆ ಸಿಕ್ಕ ಕೆಂಪು ಟೋಪಿಯ ಮನುಷ್ಯನ ಇಂಗ್ಲಿಷು ನನ್ನದಕ್ಕಿಂತ ಹದಗೆಟ್ಟಿತ್ತು. ಇಬ್ಬರೂ ಮೆಟ್ಟಿಲ ಮೇಲೆ ನಿಂತು ಸುಮ್ಮನೆ ತಲೆಯಾಡಿಸಿ ನಕ್ಕೆವು. ಮೇಡಂ ದೂರದಿಂದ ನೋಡಿ, ಗಿರಿಜಾ ಬಹಳ ಸುಧಾರಿಸಿದ್ದಾಳೆಂದು ಬರೆದುಕೊಂಡರು.

ಸಂವಹನದ ಮೇಷ್ಟ್ರು ಮೈಸೂರು ಕಡೆಯವರು. ಅವರ ಬಾಯಲ್ಲಿ ಕನ್ನಡ ಇಸ್ತ್ರಿ ಮಾಡಿದ ಧೋತರದಂತೆ ಮಡಿಕೆಯೂ ಮುರಿಯದೆ ಬರುತ್ತಿತ್ತು. "ವಿದ್ಯಾರ್ಥಿಗಳೇ, ಸಂದೇಶ ಕಳಿಸುವವನೊಬ್ಬ, ಪಡೆಯುವವನೊಬ್ಬ, ನಡುವೆ ಮಾಧ್ಯಮ. ಇವಕ್ಕೆ ಅಡ್ಡಿಪಡಿಸುವುದು ಗದ್ದಲ" ಎಂದು ಅವರು ಹೇಳಿದಾಗ ಉಳಿದವರು ಬರೆದುಕೊಂಡರು. ನಾನು ಬರೆಯಲಿಲ್ಲ. ಇವರು ಯಾವಾಗ ನಮ್ಮ ಮನೆಗೆ ಬಂದು ಹೋದರು ಎಂದು ಆಶ್ಚರ್ಯಪಡುತ್ತ ಕೂತಿದ್ದೆ.

ಯಾಕೆಂದರೆ ನಮ್ಮ ಮನೆಯಲ್ಲಿ ಆಗ ಇದ್ದುದು ಅದೇ. ಹಿರಿಯರ ಮನೆಯ ನಡುವೆ ಒಂದು ಗೋಡೆ. ಆಚೆ ದೊಡ್ಡಪ್ಪ, ಈಚೆ ಅಪ್ಪ. ಅಪ್ಪ ಇಂದಿಗೂ ಕೈಮಗ್ಗದಲ್ಲಿ ಸೀರೆ ನೇಯುವವನು. ದೊಡ್ಡಪ್ಪ ಕೈಮಗ್ಗ ಬಿಟ್ಟು ವಿದ್ಯುತ್ ಮಗ್ಗ ಹಾಕಿಕೊಂಡಿದ್ದ. ಅದು ಶುರುವಾದರೆ ನಮ್ಮ ಅಡುಗೆಮನೆಯ ತಾಟುಗಳು ತಾವಾಗಿಯೇ ಕುಣಿಯುತ್ತಿದ್ದವು. ಅಷ್ಟಾದರೂ ಸಹಿಸಿಕೊಂಡಿದ್ದರೇನೋ, ಆದರೆ ಒಂದು ದಿನ ಸೀರೆ ವ್ಯಾಪಾರಿಯೊಬ್ಬನ ಎದುರು ಅಪ್ಪ, "ಮಷಿನ್ನಿನ್ಯಾಗ ಹಾದು ಬಂದದ್ದಕ್ಕ ಇಳಕಲ್ ಸೀರಿ ಅನ್ನಬ್ಯಾಡ್ರಿ, ಅರಬಿ ಅನ್ರಿ, ಬರೇ ಬಟ್ಟಿ ಅನ್ರಿ" ಎಂದುಬಿಟ್ಟ. ಗೋಡೆಯಾಚೆಗೆ ಅದು ಕೇಳಿಸಿತು. ಅಂದಿನಿಂದ ಅಣ್ಣತಮ್ಮಂದಿರ ಮಾತು ಬಂದ್. ಎಣ್ಣೆ, ಉಪ್ಪು, ಬೈಗುಳ ಎಲ್ಲವೂ ನನ್ನ ಮೂಲಕವೇ ಆಚೀಚೆ ಹೋಗತೊಡಗಿದವು. ಸಂವಹನ ಓದುತ್ತಿರುವ ಹುಡುಗಿ ಮನೆಯಲ್ಲಿದ್ದಾಗ ಬೇರೆ ಯಾರನ್ನು ಕಳಿಸುತ್ತಾರೆ?

ಅಷ್ಟರಲ್ಲಿ ದೊಡ್ಡಪ್ಪನ ಮಗಳು ಸವಿತಾಳಿಗೆ ಹುನಗುಂದದ ಕಡೆಯಿಂದ ಸಂಬಂಧ ಬಂತು. ಹುಡುಗ ಒಳ್ಳೆಯವನು, ಸವಿತಾಳ ಮನಸ್ಸಿಗೆ ಬಂದಿದ್ದ. ಎಲ್ಲ ಮುಗಿಯಿತು ಎನ್ನುವಾಗ ಹುಡುಗನ ಅಜ್ಜ ಒಂದು ಮಾತು ಹೇಳಿ ಕಳಿಸಿದ: "ನಿಶ್ಚಯದ ದಿನ ಅಣ್ಣತಮ್ಮರಿಬ್ಬರೂ ಕೂಡಿ ಎಲಿ-ಅಡಿಕಿ ಕೊಡಬೇಕು. ಒಡಕ ಮನಿ ಕೂಡ ನಾವು ಬೀಗತನ ಮಾಡಂಗಿಲ್ಲ." ಸವಿತಾ ಹಿತ್ತಲಲ್ಲಿ ನನ್ನ ಕೈ ಹಿಡಿದು, "ಗಿರಿಜಾ, ಅಷ್ಟು ದೂರ ಹೋಗಿ ಓದ್ತಿ, ಏನರೆ ಮಾಡ. ಇದು ತಪ್ಪಿದ್ರ ನಾ ಮುಂದ ಯಾರನ್ನೂ ಒಲ್ಲೆ ಅಂತೇನಿ ನೋಡು" ಎಂದು ಅತ್ತಳು. ಅದೇ ವಾರ ನಮ್ಮ ಮೇಷ್ಟ್ರು, "ಪ್ರತಿಯೊಬ್ಬರೂ ವ್ಯಕ್ತಿಗಳ ನಡುವಿನ ಸಂವಹನದ ಕುರಿತು ಒಂದು ಪ್ರಾಜೆಕ್ಟ್ ಸಲ್ಲಿಸತಕ್ಕದ್ದು" ಎಂದರು. ಒಂದೇ ಏಟಿಗೆ ಸವಿತಾಳ ಮದುವೆ, ನನ್ನ ಮಾರ್ಕ್ಸು, ಎರಡೂ! ಜ್ಞಾನವು ಹೀಗೆ ಸಮಾಜಕ್ಕೆ ಉಪಯೋಗವಾಗುವ ಗಳಿಗೆ ಎಲ್ಲರಿಗೂ ಬರುವುದಿಲ್ಲವೆಂದು ನನಗೆ ಮೈ ಜುಮ್ಮೆಂದಿತು.

ನಮ್ಮ ಪಠ್ಯದಲ್ಲಿ ಸಂಪಾದಕ ಎಂಬ ಪ್ರಾಣಿಯ ವಿಷಯ ಬರುತ್ತದೆ. ಬಂದ ಸುದ್ದಿಯನ್ನು ಹಾಗೇ ಬಿಡದೆ, ತಿದ್ದಿ ತೀಡಿ, ಸಮಾಜಕ್ಕೆ ಹಿತವಾಗುವಷ್ಟನ್ನು ದಾಟಿಸುವವನು. ನಾನು ಸಂಪಾದಕಿಯಾದೆ. ಬೆಳಿಗ್ಗೆ ದೊಡ್ಡಪ್ಪ ನನ್ನನ್ನು ಕರೆದು, "ಹೇಳು ಆ ಕೈಮಗ್ಗದ ಮಹಾರಾಜಗ, ನನ್ನ ಮಗಳ ನಿಶ್ಚಯಕ್ಕ ಬಂದ್ರ ಬರಲಿ, ಬಿಟ್ರ ಬಿಡಲಿ. ಕೈಕಾಲು ಹಿಡಿಯಾಂವ ನಾ ಅಲ್ಲ" ಎಂದ. ನಾನು ಗೋಡೆ ದಾಟಿ ಬರುವಷ್ಟರಲ್ಲಿ ಅದು ಹೀಗಾಗಿತ್ತು: "ಅಪ್ಪಾ, ದೊಡ್ಡಪ್ಪ ಹೇಳ್ಯಾನ, ನೀ ಇಲ್ಲದ ನಿಶ್ಚಯಕ್ಕ ಕಳಾನ ಇಲ್ಲಂತ. ಆಗಿದ್ದು ಆಗಿ ಹೋತು, ಜೀವ ಇರೂತನಕ ಕೂಡಿ ಇರೂಣಂತ." ಅಪ್ಪ ಲಾಳಿ ಹಿಡಿದ ಕೈ ಹಾಗೇ ನಿಲ್ಲಿಸಿ ನನ್ನನ್ನು ನೋಡಿದ. ಸಂದೇಶ ಹೃದಯಕ್ಕೆ ತಾಗಿದೆ ಎಂದುಕೊಂಡೆ.

ಮಧ್ಯಾಹ್ನ ಆಚೆಯ ಮಗ್ಗ ಖಡಖಡ ಶುರುವಾಯಿತು. ಅಭ್ಯಾಸಬಲದಿಂದ ಅಪ್ಪನ ಬಾಯಿ ತೆರೆಯಿತು: "ಹೋಗಿ ಹೇಳವಂಗ, ಗ್ವಾಡಿ ಬಿದ್ದು ನಾವು ಸತ್ರ, ಅಂವಾ ನೇಯೂ ಆ ಡುಪ್ಲಿಕೇಟ್ ಅರಬೀನ ನಮ್ಮ ಮ್ಯಾಲೆ ಹೊಚ್ಚಾಂವ ಏನು ಅಂತ ಕೇಳು!" ಸಂಪಾದಕಿ ಮತ್ತೆ ಹೊರಟಳು. "ದೊಡ್ಡಪ್ಪಾ, ನಿನ್ನ ಮಗ್ಗದ ಸಪ್ಪಳ ಕೇಳಿದ್ರ ಅಪ್ಪಗ ಮನಿ ತುಂಬಿದಂಗ ಅನಸ್ತೈತಂತ. ನೀ ನೇಯ್ದ ಸೀರಿ ಮ್ಯಾಲೆ ಒಮ್ಮೆ ಕೈ ಆಡಿಸಿ ನೋಡಬೇಕು ಅಂತ ಆಶಾ ಆಗೇತಂತ."

ದೊಡ್ಡಪ್ಪನ ಮುಖ ಬಿಳಿಚಿಕೊಂಡಿತು. ಸ್ವಿಚ್ಚು ಆರಿಸಿದ. ನಮ್ಮ ಅಡುಗೆಮನೆಯ ತಾಟುಗಳು ತಟಸ್ಥವಾದವು. "ಖರೆ ಹಿಂಗ ಅಂದನಾ?" ಎಂದ. "ಹೂಂ" ಎಂದೆ. "ಆಶಾ ಆಗೇತಿ ಅಂದನಾ?" "ಹೂಂ." ದೊಡ್ಡಪ್ಪ ಎದ್ದವನೇ ಚಪ್ಪಲಿಯನ್ನೂ ಮೆಟ್ಟದೆ, ಅಷ್ಟು ದಿನ ಹಾಯದ ನಮ್ಮ ಹೊಸ್ತಿಲನ್ನು ಒಂದೇ ಹೆಜ್ಜೆಗೆ ಹಾಯ್ದು ಒಳಗೆ ಬಂದ. "ನಾಗ್ಯಾ, ಏನಾಗೇತೋ ನಿನಗ? ಯಾವ ಜಡ್ಡು?" ಎಂದು ಅಪ್ಪನ ಹಣೆ ಮುಟ್ಟಿದ. ಅಪ್ಪ ಅವನ ಕೈಯನ್ನೇ ಹಿಡಿದುಕೊಂಡು, "ನನ್ನ ಬಿಡಣ್ಣಾ, ನಿನಗೇನಾಗೇತಿ ಅದನ್ನ ಹೇಳು. ಜೀವ ಇರೂತನಕ ಅಂತ ಹೇಳಿ ಕಳಿಸೀದಿ, ಮುಂಜಾನಿಂದ ನನಗ ತುತ್ತು ಇಳದಿಲ್ಲ" ಎಂದ. "ನನಗೇನೂ ಆಗಿಲ್ಲ." "ನನಗೂ ಏನೂ ಆಗಿಲ್ಲ." ಇಬ್ಬರೂ ಒಬ್ಬರನ್ನೊಬ್ಬರು ಕರುಣೆಯಿಂದ ನೋಡಿದರು. ಸಾಯುವವರು ಹೀಗೇ ಮುಚ್ಚಿಡುತ್ತಾರೆಂದು ಇಬ್ಬರಿಗೂ ಗೊತ್ತಿತ್ತು. ನಾನು ಬಾಗಿಲ ಸಂದಿಯಲ್ಲಿ ನಿಂತಿದ್ದೆ. ಹೇಳಿಬಿಡಬಹುದಿತ್ತು. ಆದರೆ ಸಂವಹನ ನಡೆಯುತ್ತಿರುವಾಗ ಮಾಧ್ಯಮ ನಡುವೆ ಬಾಯಿ ಹಾಕಬಾರದೆಂದು ಮೇಷ್ಟ್ರು ಹೇಳಿದ್ದರು. ಇಂಥ ಹೊತ್ತಿನಲ್ಲಿ ಮಾತ್ರ ನನಗೆ ಪಾಠ ಸರಿಯಾಗಿ ನೆನಪಿರುತ್ತದೆ.

ಮರುದಿನ ಬಾಗಲಕೋಟೆಯ ದವಾಖಾನೆಗೆ ಹೊರಟೆವು. ತಮ್ಮನಿಗೆ ತೋರಿಸಬೇಕೆಂದು ಅಣ್ಣ, ಅಣ್ಣನಿಗೆ ತೋರಿಸಬೇಕೆಂದು ತಮ್ಮ, ಇಂಗ್ಲಿಷ್ ಬರುತ್ತದೆಂದು ನಾನು. ಬಸ್ಸಿನಲ್ಲಿ ಒಬ್ಬರಿಗೊಬ್ಬರು ಕಿಟಕಿಯ ಸೀಟು ಬಿಟ್ಟುಕೊಡುವ ಜಗಳ ಅಮೀನಗಡದವರೆಗೂ ನಡೆಯಿತು. ಕೊನೆಗೆ ಆ ಸೀಟಿನಲ್ಲಿ ಕುರಿಕಾಯುವ ಅಜ್ಜನೊಬ್ಬ ಕಂಬಳಿ ಹಾಸಿ ಕೂತ.

"ಪೇಷಂಟ್ ಯಾರ್ರಿ?" ಎಂದು ಡಾಕ್ಟರು ಕೇಳಿದಾಗ ಅಪ್ಪನ ಬೆರಳು ದೊಡ್ಡಪ್ಪನ ಕಡೆ, ದೊಡ್ಡಪ್ಪನ ಬೆರಳು ಅಪ್ಪನ ಕಡೆ. ಡಾಕ್ಟರು ನನ್ನನ್ನು ನೋಡಿದರು. ನಾನು ಗೋಡೆಯ ಮೇಲಿದ್ದ ಹಲ್ಲಿನ ಚಿತ್ರ ನೋಡಿದೆ. ಇಬ್ಬರ ರಕ್ತ, ಬಿಪಿ, ಎದೆ, ಬೆನ್ನು ಎಲ್ಲ ಪರೀಕ್ಷೆಯಾದ ಮೇಲೆ ಡಾಕ್ಟರು ಅಚ್ಚ ನಮ್ಮ ಕಡೆಯ ಕನ್ನಡದಲ್ಲಿ ಏನೋ ಹೇಳಹೊರಟಿದ್ದರು. ಅಪ್ಪ ತಡೆದು, "ಇಂಗ್ಲಿಷಿನ್ಯಾಗ ಹೇಳ್ರಿ ಸಾಹೇಬ್ರ, ನಮ್ಮ ಹುಡುಗಿ ಅದನ್ನ ಓದ್ಯಾಳ" ಎಂದ. ಡಾಕ್ಟರು ಪಾಪ, ಒಂದು ದೀರ್ಘ ಇಂಗ್ಲಿಷ್ ವಾಕ್ಯ ಹೇಳಿದರು. ದೇವರ ದಯೆ, ನನಗೆ ಅರ್ಥವಾಯಿತು. "ಏನೂ ಇಲ್ಲಂತ" ಎಂದೆ. "ಅಷ್ಟುದ್ದ ಹೇಳಿದ್ರು, ನೀ ಎರಡ ಶಬ್ದಕ್ಕ ಮುಗಿಸಿದಿ! ಏನ ಮುಚ್ಚತಿ?" ಎಂದು ದೊಡ್ಡಪ್ಪ ಗದರಿದ. ಡಾಕ್ಟರು ಕನ್ನಡಕ ತೆಗೆದು, "ಏ ಯಜಮಾನ್ರ, ನಿಮಗಿಬ್ಬರಿಗೂ ಯಾವ ಜಡ್ಡೂ ಇಲ್ರಿ. ಮನಿಗೆ ಹೋಗ್ರಿ, ಹೊರಗ ಮಂದಿ ನಿಂತಾರ" ಎಂದರು.

ಹೊರಗೆ ಉದ್ದನೆಯ ಬೆಂಚಿನ ಮುಂದೆ ವಿಚಾರಣೆ ಶುರುವಾಯಿತು. "ಮತ್ತ ಹಂಗ್ಯಾಕ ಹೇಳಿ ಕಳಿಸೀದಿ?" ದೊಡ್ಡಪ್ಪ ಕೇಳಿದ. "ನಾ ಎಲ್ಲಿ ಹೇಳೀನಿ? ನೀ ಹೇಳಿ ಕಳಿಸೀದಿ." "ನನ್ನ ಸೀರಿ ಮ್ಯಾಲೆ ಕೈ ಆಡಸಬೇಕಂತ—" "ನಿನ್ನ ಸೀರಿ ಮ್ಯಾಲೆ ನಾ?" ಇಬ್ಬರ ಮಾತೂ ಏಕಕಾಲಕ್ಕೆ ನಿಂತಿತು. ಇಬ್ಬರ ತಲೆಯೂ ಏಕಕಾಲಕ್ಕೆ ನನ್ನ ಕಡೆ ತಿರುಗಿತು. ಸವಿತಾಳ ನಿಶ್ಚಯ, ನನ್ನ ಪ್ರಾಜೆಕ್ಟು, ನಾಳೆಯಿಂದ ನನ್ನ ಬಸ್ ಪಾಸು ಎಲ್ಲವೂ ಒಟ್ಟಿಗೆ ಮಣ್ಣುಪಾಲಾಗುವುದು ನನಗೆ ಸ್ಪಷ್ಟವಾಗಿ ಕಂಡಿತು. "ಹೇಳು," ಎಂದ ದೊಡ್ಡಪ್ಪ, "ಇಂವಾ ಖರೆ ಏನಂದಿದ್ದ? ಒಂದಕ್ಷರ ಬಿಡಬಾರದು."

ಹೇಳಿದೆ. ಗೋಡೆ ಬೀಳುವುದು, ಸಾಯುವುದು, ಡುಪ್ಲಿಕೇಟ್ ಅರಬಿ ಹೊಚ್ಚುವುದು, ಎಲ್ಲವನ್ನೂ ನೇರಪ್ರಸಾರ ಮಾಡಿದೆ. ನಾನು ಹೇಳುತ್ತ ಹೋದಂತೆ ದೊಡ್ಡಪ್ಪನ ಮುಖಕ್ಕೆ ರಕ್ತ ವಾಪಸು ಬಂತು. "ಹಾಂ! ಇದು ನೋಡು, ಇದು ನಮ್ಮ ನಾಗ್ಯಾ!" ಎಂದು ಮೊಣಕಾಲು ಬಡಿದ. ಅಪ್ಪ ನನ್ನ ಭುಜ ಅಲುಗಿಸಿ, "ನನಗೇನಂದಿದ್ದ, ಅದನ್ನ ಹೇಳು" ಎಂದ. "ಕೈಮಗ್ಗದ ಮಹಾರಾಜ ಅಂದಿದ್ದ. ಬಂದ್ರ ಬರಲಿ, ಬಿಟ್ರ ಬಿಡಲಿ ಅಂದಿದ್ದ." "ಅಂದಿರತಾನ, ಅಂದಿರತಾನ" ಎಂದು ಅಪ್ಪ ದವಾಖಾನೆಯೆಂಬುದನ್ನೂ ಮರೆತು ನಕ್ಕ. ನಗು ಮುಗಿದ ಮೇಲೆ ದೊಡ್ಡಪ್ಪ ನೆಲ ನೋಡುತ್ತ, "ನೀ ಹೋಗೇಬಿಡ್ತಿ ಅಂತ ತಿಳಿದಿದ್ನೆಲೇ" ಎಂದ. ಅಪ್ಪ ಕೂತುಕೊಂಡು ಬೆಂಚಿನ ಮೇಲೆ ಸ್ವಲ್ಪ ಸರಿದು ಜಾಗ ಮಾಡಿದ. ದೊಡ್ಡಪ್ಪ ಕೂತ. ಮಧ್ಯಾಹ್ನ ಬಸ್‌ಸ್ಟ್ಯಾಂಡಿನಲ್ಲಿ ಇಬ್ಬರೂ ಒಂದೇ ಕಾಗದದಲ್ಲಿ ಗಿರ್ಮಿಟ್ಟು ತಿಂದರು. ನನಗೆ ಒಂದು ಮೆಣಸಿನಕಾಯಿ ಭಜಿ ಕೊಟ್ಟರು, ಅದೂ ಮಾತಿಲ್ಲದೆ.

ನಿಶ್ಚಯ ಸುಸೂತ್ರವಾಗಿ ಆಯಿತು. ಅಣ್ಣತಮ್ಮರಿಬ್ಬರೂ ಒಂದೇ ತಟ್ಟೆ ಹಿಡಿದು ಎಲೆ-ಅಡಿಕೆ ಕೊಟ್ಟರು. ಸವಿತಾ ಅಪ್ಪ ನೇಯ್ದ ಸೀರೆ ಉಟ್ಟಿದ್ದಳು, ಬೀಗತಿಗೆ ದೊಡ್ಡಪ್ಪನ ಮಗ್ಗದ ಸೀರೆಯಿಟ್ಟು ಉಡಿ ತುಂಬಿದರು. ಹುಡುಗನ ಅಜ್ಜ, "ಇಂಥ ಅಣ್ಣತಮ್ಮರು ಈಗ ಎಲ್ಲದಾರ್ರಿ?" ಎಂದು ಕಣ್ಣೊರೆಸಿಕೊಂಡ. ಎಲ್ಲರೂ ಸುಖವಾಗಿದ್ದರು. ನನ್ನ ಪ್ರಾಜೆಕ್ಟು ಮಾತ್ರ ಅನಾಥವಾಗಿತ್ತು. ಜಗಳಕ್ಕೆ ಮೂಲ ಕಾರಣವೇನು, ರಾಜಿಗೆ ಪ್ರೇರಣೆಯೇನು ಎಂದು ಇಬ್ಬರನ್ನೂ ಸಂದರ್ಶಿಸಿ ಅವರದೇ ಮಾತಿನಲ್ಲಿ ಬರೆಯಬೇಕೆಂದು ಮೇಷ್ಟ್ರ ಅಪ್ಪಣೆ. ದೊಡ್ಡಪ್ಪನನ್ನು ಕೇಳಿದೆ. "ಹೋಗಿ ನಿಮ್ಮಪ್ಪನ್ನ ಕೇಳು" ಎಂದ. ಅಪ್ಪನನ್ನು ಕೇಳಿದೆ. "ನನಗೇನ ಗೊತ್ತು, ನಿಮ್ಮ ದೊಡ್ಡಪ್ಪನ್ನ ಕೇಳು" ಎಂದ. ಅವ್ವನನ್ನು ಕೇಳಿದರೆ, "ಮುಗದ ಜಗಳಾ ಕೆದರಿ ಮಾರ್ಕ್ಸ್ ತಗೊಂತಿಯೇನ? ಹೋಗಿ ಕಸಾ ಹೊಡಿ" ಎಂದಳು. ಸಲ್ಲಿಸುವ ದಿನ ಬಂತು. ಕಟ್ಟೆಯ ಮೇಲೆ ಕೂತು ಇಬ್ಬರ ಸಂದರ್ಶನವನ್ನೂ ನಾನೇ ಬರೆದೆ. ಅಪ್ಪ 'ಪರಂಪರೆ' ಎಂದ, ದೊಡ್ಡಪ್ಪ 'ಆಧುನಿಕತೆ' ಎಂದ. ಜೀವಮಾನದಲ್ಲಿ ಅವರ ಬಾಯಿಗೆ ಬರದ ಮಾತುಗಳನ್ನು ಇಬ್ಬರೂ ಮುತ್ತಿನಂತೆ ಉದುರಿಸಿದರು.

ಮೇಷ್ಟ್ರು ಅದನ್ನು ಓದಿ ಬಹಳ ಸಂತೋಷಪಟ್ಟರಂತೆ. ತರಗತಿಯಲ್ಲಿ ಎಲ್ಲರೆದುರು ನನ್ನನ್ನು ಎಬ್ಬಿಸಿ ನಿಲ್ಲಿಸಿ, "ವಿದ್ಯಾರ್ಥಿಗಳೇ, ಗಮನಿಸಿ. ವರದಿ ಎಂದರೆ ಹೀಗಿರತಕ್ಕದ್ದು. ಹೇಳಿದವರ ಮಾತಿಗೆ ತನ್ನದೊಂದು ಅಕ್ಷರವನ್ನೂ ಸೇರಿಸಿಲ್ಲ" ಎಂದರು. ಹುಡುಗಿಯರು ಚಪ್ಪಾಳೆ ತಟ್ಟಿದರು. ನಾನು ತಲೆ ತಗ್ಗಿಸಿ ನಿಂತಿದ್ದೆ. ಎಷ್ಟು ವಿನಯವಂತೆ ಎಂದು ಅದಕ್ಕೂ ಮೆಚ್ಚಿಕೊಂಡರು.