ನಾಲ್ಕು ಗೋಡೆಯ ತಂಗುದಾಣ

ಬುಡನಸಾಬ ಒಳ್ಳೆಯ ಗೌಂಡಿ. ಆದರೆ ಯಾರಿಗೂ ‘ಇಲ್ಲ’ ಎನ್ನಲು ಅವನ ನಾಲಿಗೆ ಹೊರಳುತ್ತಿರಲಿಲ್ಲ. ಅವತ್ತಿನ ಅನಾಹುತಕ್ಕೆಲ್ಲ ಅದೇ ಮೂಲ.

ಆ ಕಡೆ ಇನ್ನೂ ಟೆಂಪೊಗಳು ಓಡಾಡದ ಕಾಲ. ಬ್ಯಾಡಗಿಯಿಂದ ಕಾಗಿನೆಲೆಗೆ ಹೋಗುವ ದಾರಿಯಲ್ಲಿ, ಅವನ ಊರಿನ ಕ್ರಾಸಿನಲ್ಲಿ, ಕೂತು ಕಾಯಲು ಒಂದು ಕಲ್ಲೂ ಇರಲಿಲ್ಲ. ಹೆಂಡತಿ ಮೈಮುನಾಬಿಗೆ ಮೊಣಕಾಲು ಬೇನೆ. ಹಾವೇರಿ ದವಾಖಾನೆಗೆಂದು ಹೊರಟವಳು ನಿಂತು ನಿಂತು ಸೋತು, ಬಸ್ಸು ಬರುವ ಮೊದಲೇ ಮನೆಗೆ ಮರಳುತ್ತಿದ್ದಳು. ಹೀಗಾಗಿ ಪಂಚಾಯ್ತಿಯವರು ಬಸ್ ಶೆಲ್ಟರ್ ಕಟ್ಟಲು ಹೇಳಿದಾಗ ಅವನಿಗಾದ ಸಂತೋಷ ಅಷ್ಟಿಷ್ಟಲ್ಲ. ನಾಲ್ಕು ಕಂಬ, ಮೇಲೆ ತಗಡು, ಹಿಂದೊಂದು ಗೋಡೆ, ಗೋಡೆಗೆ ತಾಗಿದಂತೆ ಕೂಡಲು ಕಟ್ಟೆ. ಎಲ್ಲ ಮುಗಿದಿತ್ತು. ಸಂಜೆ ಸಾರಿಗೆ ಸಾಹೇಬರು ಬಂದು ಒಪ್ಪಿದರೆ ಮರುದಿನದಿಂದ ಮೈಮುನಾಬಿ ಕೂತುಕೊಂಡೇ ಬಸ್ಸು ಕಾಯಬಹುದಿತ್ತು.

ಬೆಳಿಗ್ಗೆ ಮೊದಲು ಬಂದವನು ಪರಮೇಶಪ್ಪ. ಪಕ್ಕದ ಕಣದಲ್ಲಿ ಅವನ ಮೆಣಸಿನಕಾಯಿ ಒಣಗುತ್ತಿತ್ತು.

“ಗಾಳಿ ಬಿಟ್ಟರ ಘಾಟು ಸೀದಾ ಇಲ್ಲಿಗೇ ಬರತೈತಿ. ಕುಂತ ಮಂದಿ ಕೆಮ್ಮಿ ಕೆಮ್ಮಿ ನನಗ ಬೈತಾರ. ಈ ಕಡೆ ಒಂದು ಗ್ವಾಡಿ ಎಬ್ಬಿಸಿಬಿಡೋ ಬುಡನಾ.”

“ಆತ್ರಿ,” ಎಂದ ಬುಡನಸಾಬ. ಇಟ್ಟಿಗೆ ಉಳಿದಿದ್ದವು. ಗೋಡೆ ಎದ್ದಿತು.

ಅಷ್ಟರಲ್ಲಿ ಸೋದರಮಾವ ಫಕ್ಕೀರಸಾಬ ಬಂದು ಕಟ್ಟೆಯ ಮೇಲೆ ಕೂತು ಪರೀಕ್ಷೆ ಮಾಡಿದ. “ಸಂಜಿಮುಂದ ಬಿಸಲು ಕಣ್ಣಿಗೇ ಹೊಡೀತೈತಿ. ಆ ಕಡೇನೂ ಮುಚ್ಚು!” ಆ ಕಡೆಯೂ ಮುಚ್ಚಿತು.

ಮಧ್ಯಾಹ್ನ ಬುತ್ತಿ ಹೊತ್ತು ಹೊಲಕ್ಕೆ ಹೊರಟಿದ್ದ ಗುತ್ತೆವ್ವ ನಿಂತಳು. “ಎದುರಿಗೇ ಚಾದಂಗಡಿ. ಅಲ್ಲಿ ಕುಂತ ಗಂಡಸರು ಹೆಣ್ಮಕ್ಕಳನ್ನ ಹೆಂಗ ನೋಡ್ತಾರ ಗೊತ್ತಿಲ್ಲೇನು? ಮುಂದೂ ಒಂದು ಗ್ವಾಡಿ ಬೇಕು.”

“ಮತ್ತ ಬಸ್ಸು ಕಾಣೂದು ಹೆಂಗವ್ವಾ?”

“ಕಿಡಕಿ ಬಿಡಪಾ! ಗೌಂಡಿ ಆಗಿ ಅಷ್ಟೂ ತಿಳಿಯೂದಿಲ್ಲ?”

ಆ ಮಾತು ನಾಟಿತು. ಒಂದು ಕಿಟಕಿ, ಒಂದು ಬಾಗಿಲಿನ ಜಾಗ ಬಿಟ್ಟು ಮುಂದೂ ಕಟ್ಟಿದ. ಅಂಗೈಯಲ್ಲಿ ಬೊಬ್ಬೆ ಎದ್ದಿದ್ದವು, ಊಟ ತಪ್ಪಿತ್ತು. ತಾನು ಕಟ್ಟುತ್ತಿರುವುದು ಏನೆಂದು ಅವನಿಗೇ ಅನುಮಾನ ಹತ್ತಿತು.

ಕೊನೆಗೆ ಬಂದವರು ಪಂಚಾಯ್ತಿ ಮೆಂಬರು ಮಾಲತೇಶಪ್ಪ. “ಹಿಂಗ ತೆರೆದಿಟ್ಟರ ನಾಯಿ ಬಂದು ಸಂಸಾರ ಹೂಡ್ತಾವ,” ಎಂದವರೇ ತಮ್ಮ ಹಳೇ ಮನೆಯ ಬಾಗಿಲನ್ನು ಚೌಕಟ್ಟು, ಚಿಲಕದ ಸಮೇತ ಚಕ್ಕಡಿಯಲ್ಲಿ ತರಿಸಿ ದಾನ ಮಾಡಿದರು. ದಾನವನ್ನು ಬೇಡವೆನ್ನುವುದು ಹೇಗೆ? ಅದೂ ಕೂತಿತು.

ಸಂಜೆಯ ಬಸ್ಸಿನಿಂದ ಸಾಹೇಬರು ಇಳಿದರು. ಕಟ್ಟಡಕ್ಕೆ ಒಂದು ಸುತ್ತು ಬಂದರು. ಕಿಟಕಿಯಲ್ಲಿ ಇಣುಕಿದರು. ಬಾಗಿಲು ಹಾಕಿ ತೆಗೆದು ನೋಡಿದರು.

“ಭಾಳ ಚಲೋ ಆಗೈತಿ!” ಎಂದರು ಸಾಹೇಬರು. “ನಮ್ಮ ಕಂಟ್ರೋಲರಿಗೆ ಈ ಕ್ರಾಸಿನ್ಯಾಗ ಒಂದು ಖೋಲಿ ಬೇಕಾಗಿತ್ತು. ಪಾಸು ಕೊಡಾಕ ಕಿಡಕಿ ಸೈತ ಇಟ್ಟೀರಲ್ರಿ!”

“ಸಾಹೇಬ್ರ, ಇದು ಮಂದಿ ಕುಂದ್ರಾಕ…”

“ಮಂದಿಗೆ ಇಷ್ಟು ದೊಡ್ಡ ಬಯಲು ಐತೆಲ್ಲ!”

ತಮ್ಮೂರಿಗೆ ಆಫೀಸು ಬಂತೆಂದು ಊರವರು ಚಪ್ಪಾಳೆ ತಟ್ಟಿದರು. ಸಾಹೇಬರು ಕೈಯೆತ್ತಿ ಸುಮ್ಮನಾಗಿಸಿದರು. “ಕಟ್ಟಿ ಮ್ಯಾಲೆ ಕಾಗದ-ಪತ್ರ ಇಟ್ಕೋತಾರ. ಕಂಟ್ರೋಲರ್ ಕುಂದ್ರಾಕ ಒಂದು ಕುರ್ಚಿ ಆಗಬೇಕಲ್ಲ?”

“ಬುಡನನ ಮನ್ಯಾಗ ಐತ್ರಿ!” ಎಂದರು ಎಲ್ಲರೂ ಒಟ್ಟಿಗೆ.

ಬುಡನಸಾಬ ಬಾಯಿ ತೆರೆದ. “ಆತ್ರಿ” ಎಂಬುದೇ ಹೊರಬಿತ್ತು.

ಮನೆಯಲ್ಲಿದ್ದುದು ಅದೊಂದೇ ಕುರ್ಚಿ. ನೆಲದ ಮೇಲೆ ಕೂತರೆ ಏಳಲಾಗದ ಮೈಮುನಾಬಿ ಅದರಲ್ಲಿ ಕೂತು ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದಳು. “ಒಪ್ಪಿದ್ರೇನ್ರಿ ಸಾಹೇಬ್ರು?” ಎಂದು ಆಸೆಯಿಂದ ಕೇಳಿದಳು.

“ಒಪ್ಪ್ಯಾರ. ಜರಾ ಏಳು,” ಎಂದು ಅವನು ನಡೆದದ್ದನ್ನೆಲ್ಲ ತಲೆತಗ್ಗಿಸಿ ಹೇಳಿದ.

ಅವಳು ಗೋಡೆ ಹಿಡಿದು ಎದ್ದಳು. ಅವನು ಕುರ್ಚಿಯನ್ನು ತಲೆಯ ಮೇಲೆ ಹೊತ್ತು ಹೊಸ್ತಿಲು ದಾಟುವಾಗ ಹಿಂದಿನಿಂದ ಕೇಳಿದಳು:

“ಕ್ರಾಸಿನ್ಯಾಗ ನಿಂದ್ರೂದು ಹೆಂಗೂ ತಪ್ಪಲಿಲ್ಲ. ಇನ್ನ ಮನ್ಯಾಗೂ ನಿಂತೇ ಇರಲೇನ್ರಿ?”