ನಡುಮನೆಗೆ ಬಂದ ಇಂಜಿನ್ನು

ಕೈರೋದಲ್ಲಿ ದಾರಿ ಕೇಳಿದವರಿಗೆ ‘ಗೊತ್ತಿಲ್ಲ’ ಎನ್ನುವಷ್ಟು ಒರಟರು ಯಾರೂ ಇಲ್ಲ. ಆದ್ದರಿಂದ ಶುಬ್ರಾದ ಓಣಿಗಳಲ್ಲಿ ದಾರಿ ತಪ್ಪಿ, ಗ್ಯಾಸ್ಕೆಟ್ ಅಂಗಡಿ ಎಲ್ಲಿ ಎಂದು ಕೇಳುತ್ತ ಹೊರಟ ನನ್ನನ್ನು ಒಬ್ಬರು ಎಡಕ್ಕೆ ಕಳಿಸಿದರು, ಒಬ್ಬರು ಬಲಕ್ಕೆ. ಮೀನು ಮಾರುವವಳಂತೂ ಕೈಹಿಡಿದು ಕರೆದೊಯ್ದು ಹಲ್ಲಿನ ಡಾಕ್ಟರ ಮುಂದೆ ನಿಲ್ಲಿಸಿದಳು. “ಇವರ ಹತ್ರಾನೂ ರಬ್ಬರ್ ಇರ್ತದಮ್ಮಾ, ಕೇಳಿ ನೋಡು.”

ಹೇಗೋ ಸಿಕ್ಕಿತು. ನನ್ನ ಹಳೆಯ ಕಾರಿನ ಇಂಜಿನ್ನಿನ ಬೆನ್ನಿಗೆ, ಯಾರ ಕೈಯೂ ತೂರದ ಸಂದಿಯಲ್ಲಿ, ಗ್ಯಾಸ್ಕೆಟ್ ಎಂಬ ರಬ್ಬರ್ ಪಟ್ಟಿ ಹರಿದು ಎಣ್ಣೆ ಸೋರುತ್ತಿತ್ತು. ಗುರುವಾರ ಅದೇ ಕಾರಿನಲ್ಲಿ ಎದುರುಮನೆ ರತೀಬಾಳ ಮಗಳು ರದ್ವಾಳನ್ನು ಮದುವೆಗೆ ಕರೆದೊಯ್ಯುತ್ತೇನೆಂದು ಮಾತು ಕೊಟ್ಟಿದ್ದೆ. ಟೈಫಾಯ್ಡಿನಲ್ಲಿ ಬಿದ್ದಿದ್ದ ನನಗೆ ಪಾರಿವಾಳದ ಸಾರು ಕುಡಿಸಿ ಎಬ್ಬಿಸಿದವಳು ರತೀಬಾ. ಆ ಋಣ ಸಣ್ಣದಲ್ಲ.

ನಾನು ಸ್ಪ್ಯಾನರ್ ಹಿಡಿಯುವ ಮೊದಲೇ ಕಟ್ಟಡದ ಮಾಲೀಕರ ಸಂಘ ಪ್ರಕಟಣೆ ಅಂಟಿಸಿತು: ‘ಬೀದಿಯಲ್ಲಿ ವಾಹನ ಬಿಚ್ಚತಕ್ಕದ್ದಲ್ಲ. ದುರಸ್ತಿಯನ್ನು ಸ್ವಂತ ಮನೆಯೊಳಗೇ ನಡೆಸತಕ್ಕದ್ದು. ವಾಹನವನ್ನು ಮನೆಯೊಳಗೆ ತರತಕ್ಕದ್ದಲ್ಲ.’

“ಹಾಗಾದ್ರೆ ನಾನೇನು ಮಾಡ್ಲಿ, ಉಸ್ತಾದ್ರೇ?” ಅಧ್ಯಕ್ಷ ವಗ್ದಿಯವರನ್ನು ಕೇಳಿದೆ. ಅವರು ನಿವೃತ್ತ ಭೂಗೋಳದ ಮೇಷ್ಟ್ರು.

“ವಾಹನ ಅಂತ ಬರೆದಿದೀವಿ ಮೇಡಂ. ಇಂಜಿನ್ ಅಂತ ಎಲ್ಲಿದೆ, ತೋರ್ಸಿ?”

ಬೀದಿಯ ಗಂಡಸರೆಲ್ಲ ಸೇರಿ ಇಂಜಿನ್ನನ್ನು ಇಳಿಸಿ, ಹೊತ್ತು ತಂದು, ನನ್ನ ನಡುಮನೆಯಲ್ಲಿ ಅತಿಥಿಗಳ ಸೋಫಾದ ಮೇಲೆ ಕೂರಿಸಿದರು. ಕಾರಿನಿಂದ ಹೊರಗೆ ಬಂದ ಮೇಲೆ ಅದರ ಬೆನ್ನು ಸಲೀಸಾಗಿ ಸಿಕ್ಕಿತು. ನಾನೇ ಹೊಸ ಗ್ಯಾಸ್ಕೆಟ್ ಕೂರಿಸಿದೆ. ಕ್ಷೌರಿಕ ಶಾಬಾನ್ ಟೀ ಹೀರುತ್ತ “ಇನ್ನೊಂಚೂರು ಬಿಗಿ ಮಾಡಕ್ಕಾ, ಗಂಡನ ಕಿವಿ ಅನ್ಕೋ” ಎಂದು ಮಾರ್ಗದರ್ಶನ ಮಾಡಿದ.

ಮರುದಿನ ಎರಡನೆಯ ಪ್ರಕಟಣೆ ಬಂತು. ಸೋಫಾದ ಮೇಲಿರುವ ಸಕಲ ವಸ್ತುಗಳೂ ಗೃಹೋಪಕರಣಗಳೆಂದು ತೀರ್ಮಾನಿಸಲಾಗಿದ್ದು, ಅವುಗಳನ್ನು ಹೊರಸಾಗಿಸಲು ಎಲ್ಲ ಮಾಲೀಕರ ಸಹಿ ಕಡ್ಡಾಯ. ಅಲ್ಲಿಯವರೆಗೆ ಇಂಜಿನ್ನು ಲಿಫ್ಟ್ ನಿರ್ವಹಣಾ ಶುಲ್ಕ ಕಟ್ಟತಕ್ಕದ್ದು. ನನ್ನ ಮನೆ ನೆಲಮಹಡಿಯಲ್ಲಿತ್ತು. ಲಿಫ್ಟು ಕೆಟ್ಟಿತ್ತು.

ಮೂರನೇ ಮಹಡಿಯ ಮಾಲೀಕರು ಕುವೈತಿನಲ್ಲಿದ್ದರು.

“ಯಾವಾಗ ಬರ್ತಾರೆ?”

ಗೊತ್ತಿಲ್ಲ ಎನ್ನಲು ವಗ್ದಿಯವರ ಸಂಸ್ಕಾರ ಒಪ್ಪಲಿಲ್ಲ. “ನಾಳೆ,” ಎಂದರು. ಮರುದಿನವೂ ಹಾಗೇ ಎಂದರು.

ಗುರುವಾರ ಬಂತು. ವಧು ಹಿಂದಿನ ಸೀಟಿನಲ್ಲಿ ಕುಳಿತಳು, ನಾನು ಸ್ಟಿಯರಿಂಗ್ ಹಿಡಿದೆ, ಬೀದಿಗೆ ಬೀದಿಯೇ ಹಿಂದಿನಿಂದ ತಳ್ಳಿತು. ಹಾರ್ನಿನ ಕೆಲಸವನ್ನು ಶಾಬಾನ್ ಬಾಯಲ್ಲೇ ನಿಭಾಯಿಸಿದ. ಮುಂದೆ ನಡೆಯುತ್ತಿದ್ದ ವಗ್ದಿಯವರು, ಇನ್ನು ಮೇಲೆ ಈ ಬೀದಿಯ ವಧುಗಳು ನಿಶ್ಶಬ್ದ ವಾಹನದಲ್ಲೇ ಹೊರಡತಕ್ಕದ್ದೆಂದು ಸಾರಿದರು. ಜನ ಚಪ್ಪಾಳೆ ತಟ್ಟಿದರು.

ಪಕ್ಕದಲ್ಲಿ ಕೂತಿದ್ದ ರತೀಬಾ ಕಣ್ಣೊರೆಸಿಕೊಂಡಳು. “ಏನ್ ರಿಪೇರಿ ಮಾಡಿದ್ಯೇ! ಒಂದ್ ತೊಟ್ಟು ಎಣ್ಣೆ ಸೋರ್ತಿಲ್ಲ ನೋಡು.”

ಮದುವೆ ಮಂಟಪದ ಬಾಗಿಲಲ್ಲಿ ರದ್ವಾಳನ್ನು ಇಳಿಸಿ ರತೀಬಾಳನ್ನು ಕೇಳಿದೆ, “ನನ್ನ ಋಣ ತೀರ್ತಾ?”

“ತೀರ್ತು ಕಣೇ. ಬರೋ ತಿಂಗ್ಳು ತಂಗಿ ಮಗಳ ಮದುವೆ ಇದೆ. ಅಷ್ಟ್ರೊಳಗೆ ಇಂಜಿನ್ ಹಾಕಿಸಿ ಕಾರು ಹಾಳು ಮಾಡ್ಬೇಡ.”